ಖಾದರ್ ಭಾಯಿ ಮಲಗಿಸಿ ಹೋದ ಲ್ಯಾಪ್‌ಟಾಪ್

ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಲ್ಲ ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ. ದೊಡ್ಡಬಳ್ಳಾಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ನಾನು, ಆ ಮಾತನ್ನು ದಿನಾ ಗಿರಾಕಿಗಳಿಗೆ ಹೇಳುತ್ತಿದ್ದವನೂ ನಾನೇ. ಆದರೆ ಆ ವರ್ಷ ನನ್ನ ಅಂಗಡಿಯ ಹಲಗೆಯ ಮೇಲೆ ಆಫ್ ಮಾಡಬಾರದ ಒಂದು ಲ್ಯಾಪ್‌ಟಾಪ್ ಇತ್ತು. ತೆರೆಯುವುದಕ್ಕೂ ಧೈರ್ಯವಿರಲಿಲ್ಲ. ಏರ್‌ಪೋರ್ಟ್ ಬಂದು ಎರಡು ಮೂರು ವರ್ಷ ಕಳೆದಿತ್ತು, ಸೈಟು ಮಾರಿದವರು, ಕೊಂಡವರು, ಕಾರ್ಗೋ ಕೆಲಸಕ್ಕೆ ಸೇರಿದವರು ಎಲ್ಲರೂ ಅಂಗಡಿಗೆ ಬರುತ್ತಿದ್ದರು. ಬಂದವರೆಲ್ಲ ಹಲಗೆ ಕಡೆ ನೋಡಿ ಅದೇ ಮಾತು ಹೇಳಿ ಹೋಗುತ್ತಿದ್ದರು.

ಅದು ಅಬ್ದುಲ್ ಖಾದರ್ ಅವರದು. ಮಗ್ಗದವರೆಲ್ಲ ಖಾದರ್ ಭಾಯಿ ಎನ್ನುತ್ತಿದ್ದರು. ರೇಷ್ಮೆ ಸೀರೆಯ ಅಂಚು, ಸೆರಗು, ಬುಟ್ಟಾ, ಇವುಗಳ ಡಿಸೈನ್ ಬರೆಯುವುದು ಅವರ ಕಸುಬು. ಮೊದಲು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತಿದ್ದವರು ಆಮೇಲೆ ಲ್ಯಾಪ್‌ಟಾಪಿನಲ್ಲಿ ಬರೆಯುವುದನ್ನು ಕಲಿತರು. ಅವರು ಬರೆದದ್ದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ, ಆ ತೂತು ಹೇಳಿದಂತೆ ಮಗ್ಗ ನೇಯುತ್ತದೆ. ಊರಿಗೆಲ್ಲ ಸೀರೆ ಬರೆದ ಮನುಷ್ಯ ತನ್ನ ಮನೆಗೆಂದು ಒಂದೂ ಬರೆದಿರಲಿಲ್ಲ. ಮಗಳು ಅಂಬರೀನಳ ನಿಕಾಹ್ ಗೊತ್ತಾದ ಮೇಲೆ ಅವಳಿಗಾಗಿ ಒಂದನ್ನು ಶುರು ಮಾಡಿದರು. ಮುಗಿಯುವವರೆಗೆ ಯಾರಿಗೂ ತೋರಿಸುವುದಿಲ್ಲ ಎಂದು ಹೆಂಡತಿ ಜಾಹಿದಾಗೂ ತೋರಿಸದೆ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರಂತೆ.

ಒಂದು ಬೆಳಿಗ್ಗೆ ಹಾಗೆ ಬರೆಯುತ್ತ ಕೂತವರು, ಟೀ ಕುಡಿದು ಬರ್ತೀನಿ ಎಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಎದ್ದರು. ಟೀ ಅಂಗಡಿಯ ಬೆಂಚಿನ ಮೇಲೆ ಎದೆ ಒತ್ತಿಕೊಂಡು ಕೂತವರು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಮೂರನೇ ದಿನದ ಶಾಸ್ತ್ರ ಮುಗಿದ ಮೇಲೆ ಅಂಬರೀನ್ ಆಟೋದಲ್ಲಿ ಬಂದಳು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡಿದ್ದಳು. ತೆಗೆಯುವ ಮುಂಚೆ ದೇವೇಂದ್ರಣ್ಣನಿಗೆ ತೋರಿಸು ಎಂದು ಅವಳ ತಾಯಿ ನನ್ನ ಹೆಸರು ಹೇಳಿ ಕಳಿಸಿದ್ದರು. ಅಷ್ಟು ಬುದ್ಧಿ ಇನ್ಯಾರಿಗೂ ಇರಲಿಲ್ಲ, ನೆಂಟರಲ್ಲಿ ಒಬ್ಬರು ಅಷ್ಟರಲ್ಲಿ ಇಂಟರ್ನೆಟ್ ಡಾಂಗಲ್ ಕಿತ್ತು ಪಕ್ಕಕ್ಕಿಟ್ಟಿದ್ದರು. ಮನೆಯಲ್ಲಿ ಚಾರ್ಜರಿಗೆ ಸಿಕ್ಕಿಸಿಯೇ ಇತ್ತು, ಆದರೆ ಬ್ಯಾಟರಿ ಹಳೆಯದು, ಅಂಗಡಿಗೆ ಬರುವಷ್ಟರಲ್ಲಿ ಕೆಂಪು ದೀಪ ಬಂದಿತ್ತು. ನಾನು ಅವಳ ಕೈಯಿಂದ ಕಿತ್ತುಕೊಂಡವನಂತೆ ತೆಗೆದುಕೊಂಡು ಯುಪಿಎಸ್‌ಗೆ ಸಿಕ್ಕಿಸಿದೆ, ಆಮೇಲೆ ಮಾತಾಡಿಸಿದೆ.

ವಿಷಯ ಹೀಗಿತ್ತು. ಹಿಂದೆ ಯಾರೋ ಖಾದರ್ ಭಾಯಿಯ ಡಿಸೈನ್ ಕದ್ದು ನೇಯಿಸಿಬಿಟ್ಟಿದ್ದರು. ಅದಕ್ಕೆ ಅವರು ಕೇಳಿಕೊಂಡಂತೆ ನಾನು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿ, ಇಡೀ ಡಿಸ್ಕಿಗೆ ಬೀಗ ಹಾಕಿ ಕೊಟ್ಟಿದ್ದೆ. ಬೆಳಿಗ್ಗೆ ಆನ್ ಮಾಡುವಾಗ ಒಂದು ಉದ್ದನೆಯ ಪಾಸ್‌ವರ್ಡ್ ಹೊಡೆಯಬೇಕು, ಅದು ಅವರಿಗೊಬ್ಬರಿಗೇ ಗೊತ್ತು. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಆಫ್ ಆಗುವುದಿಲ್ಲ, ನಿದ್ದೆ ಹೋಗುತ್ತದೆ. ನಿದ್ದೆಯಲ್ಲೂ ಬೀಗದ ಕೈ ಅದರ ನೆನಪಿನಲ್ಲಿರುತ್ತದೆ. ಸರಿಯಾಗಿ ಎದ್ದರೆ ಏನನ್ನೂ ಕೇಳದೆ ಅವರು ಬಿಟ್ಟುಹೋದ ಡಿಸೈನ್ ಹಾಗೆಯೇ ತೆರೆದುಕೊಳ್ಳುತ್ತದೆ. ಕರೆಂಟು ಹೋಗಿ ಸತ್ತರೆ, ಅಥವಾ ಏಳುವಾಗ ಬಿದ್ದುಹೋದರೆ, ಬೀಗದ ಕೈ ಹೋಯಿತು. ಆಮೇಲೆ ಆ ಬೀಗ ತೆಗೆಯುವವರು ಭೂಮಿ ಮೇಲಿಲ್ಲ.

ಆ ಲ್ಯಾಪ್‌ಟಾಪಿಗೆ ಬೀಳುವ ರೋಗವಿತ್ತು. ನಿದ್ದೆಯಿಂದ ಏಳುವಾಗ ಒಮ್ಮೊಮ್ಮೆ ಪರದೆ ಕಪ್ಪಾಗೇ ಉಳಿದು ಕ್ಯಾಪ್ಸ್ ಲಾಕ್ ದೀಪ ಮಿಟುಕುತ್ತಿತ್ತು. ಕರ್ನಲ್ ಬಿತ್ತು ಎನ್ನುವುದಕ್ಕೆ ಅದೇ ಗುರುತು. ಕರ್ನಲ್ ಎಂದರೆ ಕಂಪ್ಯೂಟರಿನೊಳಗಿನ ಮನೆಯ ಯಜಮಾನ. ಅವನು ಎದ್ದು ಪರದೆ, ಕೀಬೋರ್ಡು, ಡಿಸ್ಕು ಎಂದು ಒಬ್ಬೊಬ್ಬರನ್ನೇ ತಟ್ಟಿ ಎಬ್ಬಿಸಬೇಕು. ಯಾರೋ ಒಬ್ಬರು ಏಳದೆ ಹೋದರೆ ಯಜಮಾನನೇ ಮುಗ್ಗರಿಸಿ ಬೀಳುತ್ತಾನೆ. ಖಾದರ್ ಭಾಯಿಗೆ ಇದೇನೂ ತಲೆನೋವಾಗಿರಲಿಲ್ಲ, ಮತ್ತೆ ಆನ್ ಮಾಡಿ ಪಾಸ್‌ವರ್ಡ್ ಹೊಡೆದು ಕೆಲಸಕ್ಕೆ ಕೂರುತ್ತಿದ್ದರು.

ಇನ್ನೊಂದು ಸೀರೆ ಬರೆಸಿಕೊಳ್ಳಿ ಎಂದು ಬೀಗರು ಹೇಳಿದರು. ಮಗ್ಗದ ಪಿಳ್ಳಣ್ಣ ತನ್ನಲ್ಲಿರುವ ಯಾವ ಡಿಸೈನ್ ಬೇಕಾದರೂ ನೇಯ್ದು ಕೊಡುತ್ತೇನೆ ಎಂದ. ಅಂಬರೀನ್ ಕೂಡ ನನ್ನ ಹತ್ತಿರ ತನಗೆ ಯಾವುದಾದರೂ ನಡೆಯುತ್ತದೆ, ಇದು ಅಮ್ಮಿಗೋಸ್ಕರ ಎಂದಳು. ಜಾಹಿದಕ್ಕ ಇದ್ದತ್‌ನಲ್ಲಿದ್ದರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳಿಗೂ ಮೇಲೆ ಮನೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಅಲ್ಲಿಂದಲೇ ಮಗಳ ಕೈಲಿ ಹೇಳಿ ಕಳಿಸುತ್ತಿದ್ದರು. ಆ ಒಂದು ಸೀರೆ ಬಿಟ್ಟು ಬೇರೆ ಏನೂ ಬೇಡ, ಅವರು ಏನು ಬರೆದಿದ್ದರು ಎಂದು ಒಂದು ಸಲ ಕಣ್ಣಲ್ಲಿ ನೋಡಬೇಕು, ಅಷ್ಟೇ.

ನಾನು ಆಗಲಿ ಎಂದೆ. ಹೇಗೆ ಎನ್ನುವುದು ನನಗೇ ಗೊತ್ತಿರಲಿಲ್ಲ. ರೋಗ ಹುಡುಕಬೇಕಾದರೆ ಲ್ಯಾಪ್‌ಟಾಪನ್ನು ನೂರು ಸಲ ಮಲಗಿಸಿ ಎಬ್ಬಿಸಬೇಕು. ಇದನ್ನು ಒಂದು ಸಲವೂ ಎಬ್ಬಿಸುವ ಹಾಗಿಲ್ಲ. ಒಳಗಿನ ಕರ್ನಲ್ ಬದಲಾಯಿಸುವ ಹಾಗೂ ಇಲ್ಲ. ಹಾಗಾದರೆ ಯಾವ ಸ್ಥಿತಿಯಲ್ಲಿ ಎಬ್ಬಿಸಿದರೆ ಅದು ಬೀಳುವುದಿಲ್ಲ ಎಂದು ಕಂಡುಹಿಡಿಯಬೇಕು, ಅದೊಂದೇ ದಾರಿ.

ದೇವನಹಳ್ಳಿ ಕಡೆಯ ಒಂದು ಕಾರ್ಗೋ ಆಫೀಸಿನವರು ಗುಜರಿಗೆ ಹಾಕಿದ್ದ ರಾಶಿಯಲ್ಲಿ ಅದೇ ಮಾಡೆಲ್ಲಿನ ಇನ್ನೊಂದು ಲ್ಯಾಪ್‌ಟಾಪ್ ಸಿಕ್ಕಿತು. ಖಾದರ್ ಭಾಯಿಗೆ ಯಾವ ಸಿಡಿಯಿಂದ ಹಾಕಿಕೊಟ್ಟಿದ್ದೆನೋ ಅದರಿಂದಲೇ ಅದಕ್ಕೂ ಲಿನಕ್ಸ್ ಹಾಕಿದೆ. ಮಲಗಿಸಿದೆ, ಎಬ್ಬಿಸಿದೆ. ಎದ್ದಿತು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ, ಪ್ರತಿ ಸಲವೂ ಹಾಳಾದ್ದು ಚೆನ್ನಾಗಿಯೇ ಎದ್ದಿತು. ಬೀಳಲಿ ಎಂದು ದೇವರಿಗೆ ಕೈಮುಗಿದವನು ಊರಲ್ಲಿ ನಾನೊಬ್ಬನೇ ಇರಬೇಕು. ಕರ್ನಲ್ ಬರೆಯುವವರ ಮೇಲಿಂಗ್ ಲಿಸ್ಟಿಗೆ ನನ್ನ ಹರುಕು ಇಂಗ್ಲಿಷಿನಲ್ಲಿ ಬರೆದೆ. ಬಿದ್ದಾಗ ಕಂಪ್ಯೂಟರ್ ಬರೆದಿಟ್ಟ ಲಾಗ್ ಕಳಿಸಿ ಎಂದರು. ಬಿದ್ದರೆ ತಾನೇ ಕಳಿಸುವುದು.

ಅಷ್ಟರಲ್ಲಿ ಮಳೆಗಾಲ ಕೈಕೊಟ್ಟು ಲೋಡ್ ಶೆಡ್ಡಿಂಗ್ ಹೆಚ್ಚಿತು. ಮಗ್ಗಗಳ ಸದ್ದು ನಿಂತರೆ ಸಾಕು, ಕರೆಂಟು ಹೋಯಿತೆಂದು ಹಲಗೆಯ ಹತ್ತಿರ ಓಡುತ್ತಿದ್ದೆ. ಯುಪಿಎಸ್ ಕೂಗುವುದನ್ನು ಕೇಳಿಕೊಂಡು ಊಟ ಮಾಡುತ್ತಿದ್ದೆ. ಮನೆ ಮುಂದಿನ ಕೋಣೆಯೇ ಅಂಗಡಿ, ಆದ್ದರಿಂದ ಬಚಾವ್. ಅಮ್ಮ ಘಾಟಿಗೆ ದೇವರ ದರ್ಶನಕ್ಕೆ ಹೊರಟಾಗ ನಾನು ಹೋಗಲಿಲ್ಲ, ಆವತಿಯಲ್ಲಿ ಚಿಕ್ಕಪ್ಪನ ಮನೆ ಗೃಹಪ್ರವೇಶಕ್ಕೂ ಹೋಗಲಿಲ್ಲ. ಸತ್ತವರ ಡಬ್ಬ ಕಾಯ್ತಾ ಕೂತಿದ್ದಾನೆ ಎಂದು ನೆಂಟರು ಆಡಿಕೊಂಡರು. ಅಮ್ಮನಿಗೂ ನಾನು ಒಂದೇ ಮಾತು ಹೇಳಿಟ್ಟಿದ್ದೆ, ಆ ಹಲಗೆಯ ಸ್ವಿಚ್ ಮುಟ್ಟಬೇಡ, ಏನೇ ಆಗಲಿ ಸ್ವಿಚ್ ಮುಟ್ಟಬೇಡ.

ದಾರಿ ಸಿಕ್ಕಿದ್ದು ಅಂಬರೀನಳಿಂದ. ಒಂದು ದಿನ ಬಂದವಳು ನಾನು ಎಬ್ಬಿಸಿ ಮಲಗಿಸಿ ಮಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ಅಬ್ಬಾ ಯಾವಾಗಲೂ ಡಾಂಗಲ್ ಹಾಕಿಕೊಂಡೇ ಬರೆಯುತ್ತಿದ್ದರು, ತನಗೆ ಕಾಲೇಜಿನ ಕೆಲಸಕ್ಕೆ ಬೇಕಾದಾಗ ಮಾತ್ರ ಕಿತ್ತು ಕೊಡುತ್ತಿದ್ದರು ಎಂದಳು. ನಾನು ಹಣೆ ಹಣೆ ಚಚ್ಚಿಕೊಂಡೆ. ಅವರ ಡಾಂಗಲ್ಲನ್ನೇ ತರಿಸಿ ಗುಜರಿಯ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮಲಗಿಸಿದೆ, ಕಿತ್ತೆ, ಎಬ್ಬಿಸಿದೆ, ಮತ್ತೆ ಮಲಗಿಸಿ ಎಬ್ಬಿಸಿದೆ. ಬಿತ್ತು. ಕ್ಯಾಪ್ಸ್ ಲಾಕ್ ಮಿಟುಕುವುದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ಬಿದ್ದ ಕರ್ನಲ್ಲಿಗೆ ಏನೂ ನೆನಪಿರುವುದಿಲ್ಲ, ತಾನು ಯಾರನ್ನು ಎಬ್ಬಿಸುವಾಗ ಬಿದ್ದೆ ಎಂದು ಹೇಳಲಾರದು. ಅದಕ್ಕೊಂದು ಉಪಾಯವಿದೆ. ಒಬ್ಬೊಬ್ಬರನ್ನು ಎಬ್ಬಿಸುವ ಮುಂಚೆ ಗಡಿಯಾರದ ಚಿಪ್ಪಿನಲ್ಲಿ ಒಂದು ಗುರುತು ಬರೆದಿಡು ಎಂದು ಹೇಳಿ ಮಲಗಿಸಬಹುದು. ಬಿದ್ದರೂ ಗಡಿಯಾರ ಉಳಿಯುತ್ತದೆ. ಮತ್ತೆ ಆನ್ ಮಾಡಿದಾಗ ತಾರೀಕು ಯಾವುದೋ ಕಾಲದ್ದನ್ನು ತೋರಿಸುತ್ತದೆ, ಆ ತಪ್ಪು ತಾರೀಕಿನಿಂದ ಬೀಳಿಸಿದವನು ಯಾರೆಂದು ತಿಳಿಯುತ್ತದೆ. ಹಾಗೆ ಮಾಡಿ ನೋಡಿದೆ, ಡಾಂಗಲ್ಲನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮೇ ಸಿಕ್ಕಿಬಿತ್ತು. ಕುಣಿದಾಡಿಕೊಂಡು ಲಿಸ್ಟಿಗೆ ಬರೆದೆ. ಮಾರನೇ ದಿನವೇ ಉತ್ತರ ಬಂತು, ಇದು ಗೊತ್ತಿರುವ ತೊಂದರೆ, ಹೊಸ ಕರ್ನಲ್ಲಿನಲ್ಲಿ ಸರಿಮಾಡಿದ್ದೇವೆ, ಹಾಕಿಕೊಳ್ಳಿ ಅಂತ. ಹಾಕಿಕೊಳ್ಳಬೇಕಾದರೆ ಮೊದಲು ಎಬ್ಬಿಸಬೇಕಲ್ಲ ಗುರು. ಆ ಉತ್ತರ ಬರೆದವನಿಗೆ ಬಾಯಿಗೆ ಬಂದಂತೆ ಬೈದೆ, ಮನಸ್ಸಿನಲ್ಲಿ.

ಬೈದುಕೊಂಡೇ ಕೆಲಸ ಮುಂದುವರಿಸಿದೆ. ಕೊನೆಗೆ ಒಂದು ನಿಯಮ ಕೈಗೆ ಸಿಕ್ಕಿತು. ಡಾಂಗಲ್ ಇದ್ದಾಗ ಮಲಗಿ, ಅದು ಇಲ್ಲದಾಗ ಎದ್ದರೆ ಮೊದಲನೇ ಸಲ ಏನೂ ಆಗುವುದಿಲ್ಲ, ಚೆನ್ನಾಗಿ ಏಳುತ್ತದೆ. ಆದರೆ ಒಳಗೆ ಪೆಟ್ಟು ಬಿದ್ದಿರುತ್ತದೆ. ಹಾಗೆಯೇ ಮತ್ತೆ ಮಲಗಿಸಿದರೆ ಎರಡನೇ ಸಲ ಏಳುವಾಗ ಖಂಡಿತ ಬೀಳುತ್ತದೆ. ಎಷ್ಟು ಸಲ ಮಾಡಿದರೂ ಇದು ತಪ್ಪಲಿಲ್ಲ. ಖಾದರ್ ಭಾಯಿ ಆ ದಿನ ಬೆಳಿಗ್ಗೆ ನಮಾಜಿನಿಂದ ಬಂದು ಪಾಸ್‌ವರ್ಡ್ ಹೊಡೆದದ್ದನ್ನು ಅಂಬರೀನ್ ದೂರದಿಂದ ನೋಡಿದ್ದಳು, ಆಮೇಲೆ ಟೀಗೆ ಏಳುವವರೆಗೆ ಅವರು ಮುಚ್ಚಳ ಮುಚ್ಚಿರಲಿಲ್ಲ, ಡಾಂಗಲ್ ಸಿಕ್ಕಿಸಿಯೇ ಇತ್ತು. ಅಂದರೆ ನನ್ನ ಹಲಗೆಯ ಮೇಲಿರುವುದು ಇನ್ನೂ ಮೊದಲನೇ ನಿದ್ದೆಯಲ್ಲಿದೆ. ತೆರೆದರೆ ಏಳುತ್ತದೆ. ಒಂದೇ ಒಂದು ಸಲ ಏಳುತ್ತದೆ, ಎದ್ದ ತಕ್ಷಣ ಫೈಲೆಲ್ಲ ನಕಲು ಮಾಡಿಕೊಂಡರೆ ಮುಗಿಯಿತು.

ಆಗಲೇ ತೆರೆಯಲು ಕೈ ತುರಿಸುತ್ತಿತ್ತು. ಆದರೂ ಅವರ ಸ್ವತ್ತು, ಒಂದು ಮಾತು ಹೇಳೋಣ ಎಂದು ಅಂಬರೀನಳಿಗೆ ಫೋನ್ ಮಾಡಿದೆ. ಅವಳು ತಾಯಿಯನ್ನು ಕೇಳಿ ಬಂದು ಹೇಳಿದಳು.

"ಅಮ್ಮಿ ಒಪ್ತಾ ಇಲ್ಲ ಅಂಕಲ್. ಅಬ್ಬಾ ಯಾರ್ಗೂ ತೋರಿಸ್ದೆ ಇಟ್ಕೊಂಡಿದ್ದು, ಮೊದ್ಲು ನಾನೇ ನೋಡ್ಬೇಕು ಅಂತಾರೆ. ಇದ್ದತ್ ಮುಗಿಯೋಕೆ ಇನ್ನೇನು ಸ್ವಲ್ಪ ದಿನ ಅಷ್ಟೇ."

ನಾನು ರೇಗಿದೆ. ಕರೆಂಟಿನ ಕಥೆ ಗೊತ್ತಿಲ್ಲವಾ, ಯುಪಿಎಸ್ ಯಾವತ್ತು ಕೈಕೊಡುತ್ತದೋ, ಇಂಥದ್ದನ್ನೆಲ್ಲ ಮುಂದೂಡಬಾರದು ಎಂದು ಕೂಗಾಡಿದೆ. ಆ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, ಅಮ್ಮಿ ಇಷ್ಟು ದಿನದಲ್ಲಿ ಕೇಳಿದ್ದು ಇದೊಂದೇ ಎಂದಳು. ಆ ಹಳೇ ಬ್ಯಾಟರಿಯನ್ನು ನಂಬಿ ಅದನ್ನು ಅವರ ಮನೆಗೆ ಹೊತ್ತೊಯ್ಯುವ ಹಾಗೂ ಇರಲಿಲ್ಲ. ಆಯ್ತಮ್ಮ, ಅವರೇ ಬಂದು ತೆಗೆಯಲಿ ಎಂದು ಫೋನ್ ಇಟ್ಟೆ. ಇನ್ನೊಂದು ಬ್ಯಾಟರಿ ತಂದು ಯುಪಿಎಸ್‌ಗೆ ಜೋಡಿಸಿದೆ. ಆ ನಡುವೆ ಆಯುಧ ಪೂಜೆ ಬಂತು. ಅಂಗಡಿಯ ಉಳಿದ ಯಂತ್ರಗಳನ್ನೆಲ್ಲ ಆರಿಸಿ ಒರೆಸಿಟ್ಟು, ಪಿಳ್ಳಣ್ಣನ ಮಗ್ಗದ ಪೂಜೆಗೆ ಹೋಗಿ ಪುರಿ ತಿಂದು ಬಂದೆ. ಬಂದು ನೋಡಿದರೆ ಹಲಗೆಯ ಮೇಲೆ ನಿದ್ದೆಯ ದೀಪ ಮೊದಲಿನ ಹಾಗೆಯೇ ನಿಧಾನವಾಗಿ ಮಿನುಗುತ್ತಿತ್ತು. ನೆಮ್ಮದಿಯಾಯಿತು.

ಇದ್ದತ್ ಮುಗಿದ ಮಾರನೇ ಬೆಳಿಗ್ಗೆಯೇ ತಾಯಿ ಮಗಳು ಬಂದರು. ಜಾಹಿದಕ್ಕ ಸೊರಗಿ ಹೋಗಿದ್ದರು. ಅಷ್ಟು ದಿನದ ಮೇಲೆ ಬಿಸಿಲಿಗೆ ಬಂದದ್ದಕ್ಕೋ ಏನೋ ಕಣ್ಣು ಕಿರಿದು ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು. ನಾನು ಲ್ಯಾಪ್‌ಟಾಪನ್ನು ವೈರಿನ ಸಮೇತ ಮೇಜಿನ ಮೇಲೆ ಇಳಿಸಿ, ಪೆನ್‌ಡ್ರೈವ್ ಹಿಡಿದು ಪಕ್ಕದಲ್ಲಿ ನಿಂತೆ. ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ತೆಗೀರಿ ಅಕ್ಕ, ಏಳುತ್ತೆ ಎಂದೆ. ಅವರು ಬಿಸ್ಮಿಲ್ಲಾ ಎಂದು ಎರಡೂ ಕೈಯಿಂದ ಮುಚ್ಚಳ ಎತ್ತಿದರು.

ಕೀಬೋರ್ಡಿನ ಪಕ್ಕ, ಕೈಯಿಡುವ ಜಾಗದ ಮೂಲೆಯಲ್ಲಿ, ಕುಂಕುಮದ ಒಂದು ಸಣ್ಣ ಬೊಟ್ಟಿತ್ತು.

ಅದೇನೆಂದು ನನ್ನ ತಲೆಗೆ ಹೋಗುವಷ್ಟರಲ್ಲಿ ಕ್ಯಾಪ್ಸ್ ಲಾಕ್ ಮಿಟುಕತೊಡಗಿತು. ಪರದೆ ಬೆಳಗಲೇ ಇಲ್ಲ. ಜಾಹಿದಕ್ಕ ಅದು ಏಳುತ್ತಿದೆ ಎಂದುಕೊಂಡು ಆ ದೀಪವನ್ನೇ ನೋಡುತ್ತ ಕೂತಿದ್ದರು. ಎಷ್ಟು ಹೊತ್ತು ಹಾಗೆ ಬಿಟ್ಟೆನೋ ನನಗೆ ತಿಳಿಯದು. ಅಂಬರೀನ್ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ಅವಳು ತಾಯಿಯ ಕಿವಿಯಲ್ಲಿ ಅವರ ಮಾತಿನಲ್ಲಿ ಏನೋ ಹೇಳಿದಳು. ನಾನು ಆಫ್ ಮಾಡಿ ಆನ್ ಮಾಡಿದೆ. ಪಾಸ್‌ವರ್ಡ್ ಕೇಳುವ ಒಂದು ಸಾಲು ಬಂದು ನಿಂತಿತು. ಜಾಹಿದಕ್ಕ ಹೇಳಿ ಹೇಳಿ ಕೊಟ್ಟರು, ಅಂಬರೀನ್ ಹೊಡೆದಳು. ಮಗಳ ಹೆಸರು, ತಾಯಿಯ ಹೆಸರು, ಮದುವೆಯಾದ ದಿನ, ಅವರು ಸದಾ ಹೇಳಿಕೊಳ್ಳುತ್ತಿದ್ದ ದುವಾ. ಒಂದೂ ಹತ್ತಲಿಲ್ಲ. ಜಾಹಿದಕ್ಕ ಸಾಕು ಎಂದು ಮಗಳ ಕೈ ಹಿಡಿದುಕೊಂಡರು.

ಅಮ್ಮ ಒಳಗಿನಿಂದ ಕಾಫಿ ತಂದಳು. ಇದನ್ನು ಮುಟ್ಟಿದ್ಯಾ ಎಂದು ಕೇಳಿದೆ.

"ಸ್ವಿಚ್ ಮುಟ್ಟಿಲ್ಲ ಕಣೋ. ನೀನು ಮುಟ್ಬೇಡ ಅಂದಿದ್ದೆ, ಮುಟ್ಟಿಲ್ಲ" ಎಂದಳು. ಬೊಟ್ಟು ತೋರಿಸಿದೆ. ಅವಳು ಕಾಫಿ ಲೋಟಗಳನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಆಯುಧ ಪೂಜೆ ದಿನ ಇಟ್ಟಿದ್ದು. ಎಲ್ಲಾ ಮಿಷಿನ್‌ಗೂ ಇಟ್ಟು ಅದೊಂದನ್ನೇ ಹಂಗೇ ಬಿಡೋಕೆ ಮನ್ಸು ಬರ್ಲಿಲ್ಲ, ಅವ್ರೂ ಅದ್ರಲ್ಲೇ ಅನ್ನ ತಿಂದೋರಲ್ವಾ. ಮೇಲ್ಗಡೆ ಇಟ್ರೆ ಈ ತಾಯಿ ನೋಡಿ ಬೇಜಾರ್ ಮಾಡ್ಕೊಂಡಾರು ಅಂತ, ಮುಚ್ಚಳ ಎತ್ತಿ ಒಳಗಡೆ ಮೂಲೇಲಿ ಒಂಚೂರು ಇಟ್ಟು ಮುಚ್ಚಿಬಿಟ್ಟೆ."

ಮೊದಲನೇ ಸಲ ಅದು ಎದ್ದಿತ್ತು. ನಾನು ಪಿಳ್ಳಣ್ಣನ ಮಗ್ಗದಲ್ಲಿ ಪುರಿ ತಿನ್ನುತ್ತಿದ್ದಾಗ ಅದು ಚೆನ್ನಾಗಿ ಎದ್ದು ಖಾದರ್ ಭಾಯಿಯ ಡಿಸೈನನ್ನು ತೆರೆದು ತೋರಿಸಿತ್ತು. ನನ್ನ ಅಮ್ಮ ಮರ್ಯಾದೆಯಿಂದ ಕುಂಕುಮ ಇಟ್ಟು ಮತ್ತೆ ಮಲಗಿಸಿದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಜನ್ಮದಲ್ಲಿ ಅವಳಿಗೆ ಆಡಿರದ ಮಾತು ನಾಲಿಗೆಯ ತುದಿಗೆ ಬಂತು. ಆಡಿಯೇ ಬಿಡುತ್ತಿದ್ದೆ. ಜಾಹಿದಕ್ಕ ನನ್ನ ಕಡೆ ನೋಡದೆ ಕೈ ಅಡ್ಡ ಹಿಡಿದರು. ಅಮ್ಮನನ್ನು ತನ್ನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು.

"ಅಮ್ಮಾ, ಮುಚ್ಚಳ ಎತ್ತಿದಾಗ ಒಳಗೆ ಏನ್ ಕಾಣಿಸ್ತು?"

ಬೆಳಕು ಬಂತು ಎಂದಳು ಅಮ್ಮ. ಹಸಿರು ಹಸಿರು, ಚೌಕ ಚೌಕ ಇತ್ತು ಎಂದಳು. ಜಾಹಿದಕ್ಕ ತಲೆಯಾಡಿಸಿದರು. ಹಸಿರು ನೂಲನ್ನು ಖಾದರ್ ಭಾಯಿ ತಂದಿಟ್ಟದ್ದು ಅವರಿಗೆ ಮೊದಲೇ ಗೊತ್ತಿತ್ತು. ಅಂಚಿನಲ್ಲಿ ಏನಿತ್ತು ಎಂದು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. ಪೂಜೆಯ ಹೊತ್ತಿನಲ್ಲಿ ಅವಳು ಕನ್ನಡಕ ಹಾಕುವುದಿಲ್ಲ, ಕನ್ನಡಕವಿಲ್ಲದೆ ಅವಳಿಗೆ ಅಕ್ಕಿಯ ಕಲ್ಲೂ ಕಾಣುವುದಿಲ್ಲ. ಅವಳಿಗೆ ಅಷ್ಟು ಹೊತ್ತಿಗೆ ತಾನೇನು ಮಾಡಿದೆ ಎನ್ನುವುದು ತಿಳಿದುಹೋಗಿತ್ತು.

ಮೊಗ್ಗು ಇದ್ದಂಗಿತ್ತು ಕಣಮ್ಮ, ಮಲ್ಲಿಗೆ ಮೊಗ್ಗು ಎಂದಳು. ಆಮೇಲೆ ಮೊಗ್ಗಿನ ಪಕ್ಕ ಬಳ್ಳಿ ಇತ್ತು ಎಂದಳು. ಜಾಹಿದಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಇನ್ನೂ ಹೇಳಿ ಎಂದು ಅಮ್ಮನ ಕೈ ಒತ್ತಿದರು. ಅಂಬರೀನ್ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅಮ್ಮ ಜಾಹಿದಕ್ಕನ ಕಡೆ ವಾಲಿ, ಸೆರಗಿನಲ್ಲಿ ಗಿಳಿ ಇತ್ತು ತಾಯಿ, ಎರಡು ಗಿಳಿ, ಬಹಳ ಲಕ್ಷಣವಾಗಿತ್ತು ಎಂದಳು.

ಖಾದರ್ ಭಾಯಿ ಜನ್ಮದಲ್ಲಿ ಒಂದು ಹಕ್ಕಿ ಬರೆದವರಲ್ಲ. ಜೀವ ಇರುವುದನ್ನು ನಾನು ಬರೆಯುವುದಿಲ್ಲ ಎಂದು, ಮಗ್ಗದವರು ನವಿಲು ಕೇಳಿಕೊಂಡು ಬಂದರೆ ಬೇರೆಯವರ ಹತ್ತಿರ ಕಳಿಸಿಬಿಡುತ್ತಿದ್ದರು. ಇದು ಊರಿಗೇ ಗೊತ್ತು. ಅಂಬರೀನ್ ಗೋಡೆಯ ಕಡೆಯಿಂದ ತಿರುಗಿದಳು. ನಾನು ಅಮ್ಮನನ್ನು ಸುಮ್ಮನಿರಿಸಲು ಬಾಯಿ ತೆರೆದೆ.

ಜಾಹಿದಕ್ಕ ಕಣ್ಣು ತೆರೆಯಲಿಲ್ಲ, ಅಮ್ಮನ ಕೈಯನ್ನೂ ಬಿಡಲಿಲ್ಲ.

"ಗಿಳಿ ಯಾವ ಕಡೆ ನೋಡ್ತಿತ್ತು ಅಮ್ಮಾ?" ಎಂದು ಕೇಳಿದರು.